ಹತ್ತು ಅಂಕದ ಪ್ರಶ್ನೆ

ಪ್ರಶ್ನೆ ನನ್ನದೇ. ಬೋರ್ಡಿನ ಮೇಲೆ ಬರೆದವಳೂ ನಾನೇ:
ಈ ಎರಡು ಕವಿತೆಗಳು ಕಪ್ಪುಜನರ ನೋವನ್ನು
ಕಂಡ ಬಗೆಯನ್ನು ಹೋಲಿಸಿ.
ಒಂದೂವರೆ ಪುಟ ಮೀರಬಾರದು.

ಗೋಣಿಕೊಪ್ಪದಲ್ಲಿ ಹೂಮಳೆ ಬಿದ್ದು ಅವತ್ತಿಗೆ ಒಂಬತ್ತು ದಿನ.
ಕಾಲೇಜಿನ ಹಿಂದಿನ ತೋಟ ಗಿಡಗಿಡವೂ ಬೆಳ್ಳಗೆ,
ಕಿಟಕಿ ಮುಚ್ಚಿದರೂ ಘಮ ಒಳಗೆ ಬಂದು
ಬೆಂಚಿನ ಮೇಲೆ ಕೂತಿತ್ತು.

ಮೂವತ್ತೆಂಟು ಪತ್ರಿಕೆ. ಮೂವತ್ತೇಳರಲ್ಲಿ
ಗೈಡಿನಿಂದ ಇಳಿಸಿದ ಒಂದೇ ಉತ್ತರ:
ಮೊದಲನೆಯದರಲ್ಲಿ ರೋಷ, ಎರಡನೆಯದರಲ್ಲಿ ಕರುಣೆ,
ಎರಡರಲ್ಲೂ ಮಾನವೀಯತೆಯ ಸಂದೇಶ.
ಆರು. ಆರು. ಆರೂವರೆ.

ಕೊನೆಯದು ವೈ.ಸಿ. ಅಮ್ಮಿಣಿಯದು.
ಹಿಂದಿನ ಬೆಂಚು, ತಿತಿಮತಿ ಬಸ್ಸು,
ಹಾಜರಿ ಕೂಗಿದಾಗ 'ಎಸ್ ಮ್ಯಾಮ್' ಅನ್ನದೆ
ಸುಮ್ಮನೆ ಎದ್ದು ನಿಲ್ಲುವ ಹುಡುಗಿ.

"ಮೇಡಂ, ಕವಿ ಅಂದರೆ ರೈಟರ್ ಅಂತ ನೀವು ಹೇಳಿದಿರಿ.
ನಮ್ಮ ಲೈನಿಗೂ ಒಬ್ಬರು ರೈಟರ್ ಇದ್ದಾರೆ.
ದಿನಾ ಬೆಳಿಗ್ಗೆ ಚೆಕ್‌ರೋಲ್ ಬರೆಯುತ್ತಾರೆ.
ಗಂಡಾಳು ಹನ್ನೊಂದು. ಹೆಣ್ಣಾಳು ಹದಿನಾರು. ಅರ್ಧ ಆಳು ಎರಡು.
ಅರ್ಧ ಆಳು ಅಂದರೆ ನಾನು ಮತ್ತು ತಮ್ಮ, ರಜೆ ಇದ್ದಾಗ.

ಮೊದಲ ಕವಿತೆಯಲ್ಲಿ ಹಡಗಿನ ಲೆಕ್ಕದ ಪುಸ್ತಕವಿದೆ.
ಜನರ ಹೆಸರಿನ ಜಾಗದಲ್ಲಿ ತೂಕ ಬರೆದಿದೆ.
ಕವಿ ಅದನ್ನು ಗಟ್ಟಿಯಾಗಿ ಓದುತ್ತಾ ಓದುತ್ತಾ
ಕೂಗತೊಡಗುತ್ತಾನೆ. ಅವನಿಗೆ ಕೂಗಲು ಬರುತ್ತದೆ.
ಕೂಗಿದವನಿಗೆ ಮಾರನೇ ದಿನ ಕೆಲಸ ಇಲ್ಲ ಅನ್ನುವುದು
ಕವಿತೆಯಲ್ಲಿ ಬಂದಿಲ್ಲ.

ಎರಡನೆಯದರಲ್ಲಿ ತಾಯಿ ಮಗಳ ತಲೆ ಬಾಚುತ್ತಾಳೆ.
ಬಾಚುತ್ತಾ ಹೇಳುತ್ತಾಳೆ: ಅಂಗಡಿಯಲ್ಲಿ ಜೇಬಿಗೆ ಕೈ ಹಾಕಬೇಡ,
ಪೊಲೀಸರು ಕೇಳಿದರೆ ಓಡಬೇಡ, ಸರ್ ಅನ್ನು.
ಅವಳು ಎಲ್ಲೂ ಅಳುವುದಿಲ್ಲ.
ಬಾಚಣಿಗೆಯ ಒಂದು ಹಲ್ಲು ಮುರಿಯುತ್ತದೆ, ಅಷ್ಟೆ.
ಇದು ನನಗೆ ಬೇಗ ತಿಳಿಯಿತು.
ನನ್ನ ಕೂದಲಿಗೂ ನಮ್ಮ ಕ್ಲಾಸಿನಲ್ಲಿ ಒಂದು ಹೆಸರಿದೆ.
ಅದನ್ನು ಇಲ್ಲಿ ಬರೆಯುವುದಿಲ್ಲ.

ವ್ಯತ್ಯಾಸ: ಅವರನ್ನು ಸಮುದ್ರ ದಾಟಿಸಿದರು.
ನಮ್ಮನ್ನು ಎಲ್ಲಿಗೂ ಕರೆದೊಯಲಿಲ್ಲ.
ಇದ್ದಲ್ಲೇ ಇದ್ದೆವು. ಗದ್ದೆ ಕೈ ಬದಲಾಯಿಸಿದಾಗ
ಗದ್ದೆಯ ಜೊತೆ ನಾವೂ.
ಇದು ಅಜ್ಜಿ ಹೇಳಿದ್ದು, ಪಠ್ಯದಲ್ಲಿ ಇಲ್ಲ.

ಸಾಮ್ಯ: ಬರೆಯಬಹುದು. ಆದರೆ
ಅವರ ನೋವನ್ನು ಸಾಲ ತಂದ ಹಾಗಾಗುತ್ತದೆ.
ಸಾಲ ಮಾತ್ರ ಬೇಡ ಅನ್ನುತ್ತಾಳೆ ಅಜ್ಜಿ."

ಸರಿಯಾಗಿ ಒಂದೂವರೆ ಪುಟ.

ಕೆಂಪು ಪೆನ್ನು ಹಿಡಿದು ತಪ್ಪು ಹುಡುಕಿದೆ.
'ಕರೆದೊಯಲಿಲ್ಲ'. ಒತ್ತು ಬಿಟ್ಟಿದ್ದಳು. ಸುತ್ತು ಹಾಕಿದೆ.
ಬೇರೇನು ಮಾಡಲೂ ತೋಚಲಿಲ್ಲ.

ನಮ್ಮ ಐನ್‌ಮನೆಯಲ್ಲಿ, ಕನ್ನಿಕೋಂಬರೆಯ ಪಕ್ಕದ ಪೆಟ್ಟಿಗೆಯಲ್ಲಿ
ಮುತ್ತಜ್ಜನ ಕಾಲದ ಒಂದು ಕಾಗದವಿದೆ.
ಏಳನೇ ಕ್ಲಾಸಿನಲ್ಲಿದ್ದಾಗ ಅಕ್ಷರ ಕೂಡಿಸಿ ಕೂಡಿಸಿ
ನೆಂಟರ ಮುಂದೆ ಓದಿದ್ದೆ:
ಗದ್ದೆ ನೂರು ಭಟ್ಟಿ, ಎಮ್ಮೆ ಮೂರು, ಎತ್ತು ಒಂದು ಜೋಡಿ,
ಎರವರು ಐದು, ಅದರಲ್ಲಿ ಮುದುಕಿ ಒಬ್ಬಳು.
ಮುದುಕಿಗೆ ಬೆಲೆ ಹಾಕಿರಲಿಲ್ಲ.
ಎಷ್ಟು ಹಳೇ ಕೈಬರಹ, ಹೇಗೆ ಓದುತ್ತಾಳೆ ನೋಡಿ ಮಗಳು,
ಅಂತ ಅಪ್ಪ ಬೆನ್ನು ತಟ್ಟಿದ್ದರು.
ಆ ಬೆನ್ನು ಈಗಲೂ ನನ್ನದೇ.

ಎಂಟೂವರೆ ಹಾಕಿದೆ. ಹೊಡೆದೆ. ಒಂಬತ್ತು.
ಅಂಕವೂ ಒಂದು ತೂಕವೇ ಅನ್ನಿಸಿ
ಪೆನ್ನಿನ ಮುಚ್ಚಳ ಎಲ್ಲಿಟ್ಟೆನೋ ಹುಡುಕಿದೆ,
ಬಹಳ ಹೊತ್ತು.

ಬೆಳಿಗ್ಗೆ ಕ್ಲಾಸಿಗೆ ಹೋಗಿ
ಪುಸ್ತಕ ತೆರೆದು ಹೆಸರು ಕೂಗಿದೆ.
ಹೂ ಆಗಲೇ ಕಂದುಗಟ್ಟುತ್ತಿತ್ತು ಕಿಟಕಿಯಾಚೆ.
ಅಮ್ಮಿಣಿ ಎದ್ದು ನಿಂತಳು. ಏನೂ ಅನ್ನಲಿಲ್ಲ.
ನಾನು ತಲೆ ತಗ್ಗಿಸಿ
ಒಂದು, ಅಂತ ಬರೆದುಕೊಂಡೆ.